ಸೋರುವ ಗಾಜಿಗೆ ಮೇಲಿಂದ ಮೇಲೆ ಸಿಲಿಕಾನ್ ಹೊಡೆಸಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ಬರು ಬರೆದಿದ್ದರು. ಅವರ ಆಫೀಸು ಗಾಜಿನ ಕಟ್ಟಡದಲ್ಲಿದೆಯಂತೆ. ಗಾಳಿ ಸಮೇತ ಮಳೆ ಬಂದಾಗಲೆಲ್ಲ ಕಿಟಕಿ ಪಕ್ಕ ಸೋರುತ್ತದಂತೆ. ಎರಡು ಸಲ ಸಿಲಿಕಾನ್ (ಸಂದಿಗೆ ತುಂಬುವ, ಆಮೇಲೆ ರಬ್ಬರಿನ ಹಾಗೆ ಆಗುವ ಅಂಟು) ಹೊಡೆಸಿದರೂ ನಿಂತಿಲ್ಲವಂತೆ. ಗಾಜಿನ ಕಟ್ಟಡ ಅಂದಮೇಲೆ ಸೋರಲೇಬೇಕು, ಇದು ನಮ್ಮ ಊರಿಗೆ ಆಗಿಬರುವುದಿಲ್ಲ ಎಂದು ಪತ್ರ ಮುಗಿಸಿದ್ದರು. ಓದಿ ನಗುವೂ ಬಂತು, ಸಿಟ್ಟೂ ಬಂತು. ಯಾಕೆಂದರೆ ಆ ಸಿಲಿಕಾನ್ ಹೊಡೆಯುವ ಜಾತಿಯವನೇ ನಾನು.

ಊರು ಶಿರಾ ಕಡೆ. 1999ರಲ್ಲಿ ಬೆಂಗಳೂರಿಗೆ ಬಂದು ಈ ಕೆಲಸಕ್ಕೆ ಸೇರಿದೆ. ಮೊದಲ ಎರಡು ವರ್ಷ ನನ್ನ ಕೈಗೆ ಸಿಲಿಕಾನ್ ಒತ್ತುವ ಗನ್ನೇ ಕೊಡಲಿಲ್ಲ. ಮಾಸ್ಕಿಂಗ್ ಟೇಪ್ ಅಂಟಿಸು, ಕೀಳು, ಬಟ್ಟೆ ತಾ, ಬಟ್ಟೆ ಬಿಸಾಕು, ಇಷ್ಟೇ. ಈಗ ನನ್ನ ಜೊತೆ ಹನ್ನೊಂದು ಹುಡುಗರಿದ್ದಾರೆ. ಗಾಜಿನ ಕಟ್ಟಡ ನಮಗೆ ಬೇಕಿತ್ತಾ ಬೇಡವಾ ಅನ್ನುವುದು ದೊಡ್ಡವರ ಚರ್ಚೆ. ದಾಸರಹಳ್ಳಿಯ ನನ್ನ ಮನೆಗೆ ಇರುವುದು ಮರದ ಚೌಕಟ್ಟು, ಕಬ್ಬಿಣದ ಸರಳು. ನನಗೆ ಅದೇ ಇಷ್ಟ. ಆದರೆ ಕಟ್ಟಿದ್ದಾಗಿದೆ. ಕಟ್ಟಿದ್ದು ಸೋರಬಾರದು, ಗಾಜು ಯಾರ ತಲೆ ಮೇಲೂ ಬೀಳಬಾರದು. ಅದರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ಒಂದು ಕಟ್ಟಡದ ಕಥೆ. ಔಟರ್ ರಿಂಗ್ ರೋಡಿನಲ್ಲಿದೆ, ಹೆಸರು ಬೇಡ. ಹತ್ತು ಮಹಡಿ. ಏಳನೇ ಮಹಡಿಯ ಮೂಲೆಯಲ್ಲಿ ಸೋರಿಕೆ, ಕೆಳಗೊಂದು ನೀಲಿ ಬಕೆಟ್. ಬಕೆಟ್ ಅಲ್ಲೇ ಮೂರು ವರ್ಷದಿಂದ ಇತ್ತು, ಅದರ ಗುರುತು ಕಾರ್ಪೆಟ್ ಮೇಲೆ ಬಿದ್ದಿತ್ತು. ಕಟ್ಟಡ ನೋಡಿಕೊಳ್ಳುವ ಮ್ಯಾನೇಜರ್ ನನಗೆ ಹೇಳಿದ್ದು: "ಮೇಸ್ತ್ರಿ, ಇದೊಂದೇ ಜಾಗ. ಎರಡು ಸಾಸೇಜ್ ಹೊಡೆದು ಹೋಗಿಬಿಡಿ, ಸಂಜೆ ಒಳಗೆ ಬಿಲ್ ಮಾಡಿಸ್ತೀನಿ." ಸಾಸೇಜ್ ಅಂದರೆ ತಿನ್ನುವುದಲ್ಲ. 600 ಮಿ.ಲೀ. ಸಿಲಿಕಾನ್ ತುಂಬಿದ ಉದ್ದನೆಯ ಫಾಯಿಲ್ ಪ್ಯಾಕು. ನಮ್ಮಲ್ಲಿ ಎಲ್ಲರೂ ಅದಕ್ಕೆ ಹಾಗೇ ಅನ್ನುತ್ತಾರೆ.

ನಾನು, ಸಾರ್, ಮೊದಲು ಹಳೆಯದನ್ನು ಕಿತ್ತು ನೋಡಬೇಕು ಅಂದೆ. ಅವರಿಗೆ ಇಷ್ಟವಾಗಲಿಲ್ಲ, ಆದರೂ ಒಪ್ಪಿದರು. ಗೊಂಡೋಲಾದಲ್ಲಿ, ಅಂದರೆ ತಾರಸಿಯಿಂದ ನೇತುಬಿಟ್ಟ ತೊಟ್ಟಿಲಲ್ಲಿ, ಇಳಿದು ಚಾಕು ಹಾಕಿದೆವು. ಬಾಳೆದಿಂಡಿನ ಪಟ್ಟೆ ಬಿಚ್ಚಿದ ಹಾಗೆ ಒಂದರ ಕೆಳಗೆ ಒಂದು ಮೂರು ಪದರ ಬಂತು. ಮೇಲಿನದು ಕಪ್ಪು, ಮಧ್ಯದ್ದು ಬೂದು, ಕೆಳಗಿನದು ಮತ್ತೆ ಕಪ್ಪು. ಒಂದೊಂದು ಪದರಕ್ಕೂ ಒಬ್ಬೊಬ್ಬ ಕಾಂಟ್ರಾಕ್ಟರ್ ದುಡ್ಡು ತೆಗೆದುಕೊಂಡಿದ್ದ. ಗಟ್ಟಿಯಾದ ಹಳೇ ಸಿಲಿಕಾನ್ ಮೇಲೆ ಮಳೆ ಧೂಳು ಕೂತಿರುತ್ತದೆ. ಅದರ ಮೇಲೆ ಹೊಸದನ್ನು ಎಳೆದರೆ ಧೂಳಿಗೆ ಅಂಟುತ್ತದೆಯೇ ಹೊರತು ಕಟ್ಟಡಕ್ಕಲ್ಲ. ಒಂದು ಬೇಸಿಗೆ ಕಳೆದರೆ ಅಂಚು ಎದ್ದೇಳುತ್ತದೆ.

ಕೊನೆಯ ಪದರ ಕಿತ್ತಾಗ ಹುಡುಗರೆಲ್ಲ ನಕ್ಕರು. ಅಲ್ಯೂಮಿನಿಯಂ ಪಟ್ಟಿಗೆ ಗೀರು ಬೀಳದಿರಲಿ ಅಂತ ಫ್ಯಾಕ್ಟರಿಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕಳಿಸುತ್ತಾರೆ. ಕಟ್ಟಡ ಕಟ್ಟಿದ ದಿನವೇ ಆ ಹಾಳೆ ಕೀಳದೆ ಅದರ ಮೇಲೇ ಸಿಲಿಕಾನ್ ಎಳೆದಿದ್ದರು. ಅಂದರೆ ಆ ಸಿಲಿಕಾನ್ ಒಂದು ದಿನವೂ ಲೋಹವನ್ನು ಮುಟ್ಟಿರಲಿಲ್ಲ!

ಅಷ್ಟಕ್ಕೂ ನೀರು ಬರುತ್ತಿದ್ದುದು ಅಲ್ಲಿಂದಲ್ಲ. ಪೈಪು ಹಿಡಿದು ನೋಡಿದೆವು. ಇದಕ್ಕೂ ಕ್ರಮ ಇದೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಐದೈದು ಅಡಿ ಜಾಯಿಂಟಿಗೆ ಐದೈದು ನಿಮಿಷ ನೀರು, ಒಳಗೊಬ್ಬ ಟಾರ್ಚ್ ಹಿಡಿದು ಕೂರಬೇಕು. ಮೇಲಿನಿಂದ ಶುರು ಮಾಡಿದರೆ ನೀರೆಲ್ಲ ಕೆಳಗಿಳಿದು ಯಾವ ಜಾಗದ್ದು ಅಂತಲೇ ಗೊತ್ತಾಗುವುದಿಲ್ಲ. ಏಳನೇ ಮಹಡಿಯಲ್ಲಿ ಏನೂ ಇಲ್ಲ. ಎಂಟರಲ್ಲೂ ಇಲ್ಲ. ಒಂಬತ್ತನೆಯದಕ್ಕೆ ಹೋದಾಗ ಒಳಗಿದ್ದ ಹುಡುಗ ಕೂಗಿದ. ಗಾಜಿನ ಚೌಕಟ್ಟಿನ ಕೆಳಗಿನ ಪಟ್ಟಿಯಲ್ಲಿ ಚಿಕ್ಕ ತೂತುಗಳಿರುತ್ತವೆ. ನಾವು ವೀಪ್ ಹೋಲ್ ಅನ್ನುತ್ತೇವೆ. ಒಳ್ಳೆಯ ಕಟ್ಟಡದಲ್ಲೂ ಚೌಕಟ್ಟಿನೊಳಗೆ ಸ್ವಲ್ಪ ನೀರು ಹೋಗಿಯೇ ಹೋಗುತ್ತದೆ. ಅದು ಈ ತೂತಿನಿಂದ ಹೊರಗೆ ಬೀಳಲಿ ಅಂತಲೇ ಇಟ್ಟಿರುವುದು. ಹಿಂದೆ ಬಂದಿದ್ದ ಪುಣ್ಯಾತ್ಮ ಆ ತೂತುಗಳಿಂದ ನೀರು ಬರುವುದನ್ನು ನೋಡಿ, ಸೋರಿಕೆ ಸಿಕ್ಕಿತು ಅಂತ ಅಷ್ಟನ್ನೂ ಸಿಲಿಕಾನ್ ಹಾಕಿ ಮುಚ್ಚಿದ್ದ. ಹೊರಗೆ ಹೋಗಲು ದಾರಿ ಇಲ್ಲದ ನೀರು ಉದ್ದನೆಯ ಕಂಬದ ಪಟ್ಟಿಯೊಳಗೆ ಇಳಿದು ಎರಡು ಮಹಡಿ ಕೆಳಗೆ ಬಕೆಟ್ಟಿಗೆ ಬೀಳುತ್ತಿತ್ತು. ಹನ್ನೆರಡು ತೂತು ಬಿಡಿಸಿದೆವು. ಅವತ್ತು ಒಂದು ಹನಿ ಹೊಸ ಸಿಲಿಕಾನ್ ಕೂಡ ಹಾಕಲಿಲ್ಲ. ಸಿಲಿಕಾನೇ ಹೊಡೆಯದೆ ಬಿಲ್ ಯಾಕೆ ಅಂತ ಮ್ಯಾನೇಜರ್ ಕೇಳಿದ್ದು ಬೇರೆ ವಿಷಯ.

ಪತ್ರ ಬರೆದ ಆ ಓದುಗರಿಗೆ ನಾನು ಹೇಳಬೇಕಾದ್ದು ಇದೇ. ನಿಮ್ಮ ಕಟ್ಟಡದಲ್ಲಿ ಸಿಲಿಕಾನ್ ಕಡಿಮೆಯಾಗಿ ಸೋರುತ್ತಿರಲಿಕ್ಕಿಲ್ಲ. ಸಿಲಿಕಾನ್ ಹಾಕುವ ಮುಂಚಿನ ಕೆಲಸ ಯಾರೂ ಮಾಡಿರಲಿಕ್ಕಿಲ್ಲ.

ನಮ್ಮ ಕೆಲಸದಲ್ಲಿ ಗನ್ ಒತ್ತುವುದು ಕೊನೆಯ ಐದು ನಿಮಿಷ. ಉಳಿದದ್ದೆಲ್ಲ ಒರೆಸುವುದು. ನನಗೆ ಕೆಲಸ ಕಲಿಸಿದವರು ಒಬ್ಬ ತಮಿಳು ಮೇಸ್ತ್ರಿ, ಕನ್ನಡ ಚೆನ್ನಾಗಿ ಆಡುತ್ತಿದ್ದರು. ನನ್ನ ಕೈಲಿದ್ದ ಬನಿಯನ್ ವೇಸ್ಟ್ ನೋಡಿ ಕೇಳುತ್ತಿದ್ದರು: "ಲೋ, ಆ ಬಟ್ಟೇಲಿ ನಿನ್ನ ಮುಖ ಒರೆಸ್ಕೊತೀಯೇನೋ?" ಇಲ್ಲ ಅಂದರೆ, "ಮತ್ತೆ ಗಾಜಿಗೆ ಯಾಕೋ ಹಾಕ್ತೀಯಾ?" ನೂಲು ಬಿಡದ ಬಿಳಿ ಬಟ್ಟೆ ಎರಡು ಬೇಕು. ಒಂದಕ್ಕೆ ಐಪಿಎ (ಜಿಡ್ಡು ಕರಗಿಸುವ ಒಂದು ಸ್ಪಿರಿಟ್) ಸುರಿದುಕೊಂಡು ಒರೆಸಬೇಕು. ಅದು ಆರುವ ಮುಂಚೆಯೇ ಎರಡನೇ ಒಣ ಬಟ್ಟೆಯಲ್ಲಿ ಎಳೆದುಬಿಡಬೇಕು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ, ಒರೆಸಿದ್ದೂ ಒಂದೇ ಬಿಟ್ಟದ್ದೂ ಒಂದೇ. ಬಟ್ಟೆಯನ್ನು ಡಬ್ಬಕ್ಕೆ ಅದ್ದಬಾರದು, ಡಬ್ಬದಿಂದ ಬಟ್ಟೆಗೆ ಸುರಿಯಬೇಕು. ಇಲ್ಲದಿದ್ದರೆ ಹತ್ತನೇ ಸಲಕ್ಕೆ ಡಬ್ಬದಲ್ಲಿರುವುದು ಕೊಳೆ ನೀರು. ಬಿಳಿ ಬಟ್ಟೆ ಯಾಕೆ ಅಂದರೆ ಕೊಳೆ ಬಂತೋ ಇಲ್ಲವೋ ಕಣ್ಣಿಗೆ ಕಾಣಬೇಕಲ್ಲ!

ಆಮೇಲೆ ಬ್ಯಾಕರ್ ರಾಡ್. ಇದು ಫೋಮಿನ ಹಗ್ಗ, ಜಾಯಿಂಟಿನ ಹಿಂದೆ ತುರುಕುವುದು. 12 ಮಿ.ಮೀ. ಸಂದಿಗೆ 15 ಮಿ.ಮೀ. ದಪ್ಪದ್ದು, ಅಂದರೆ ಕಾಲು ಭಾಗ ದೊಡ್ಡದು, ಬಿಗಿಯಾಗಿ ಕೂರಲಿ ಅಂತ. ಸಿಲಿಕಾನ್ ಎಡಕ್ಕೂ ಬಲಕ್ಕೂ ಮಾತ್ರ ಅಂಟಬೇಕು, ಹಿಂದಕ್ಕೆ ಅಂಟಬಾರದು. ರಬ್ಬರನ್ನು ಎರಡು ಕೈಯಲ್ಲಿ ಹಿಡಿದು ಎಳೆದರೆ ಹಿಗ್ಗುತ್ತದೆ. ಅದೇ ರಬ್ಬರಿನ ಬೆನ್ನನ್ನೂ ಮೇಜಿಗೆ ಅಂಟಿಸಿ ಎಳೆಯಿರಿ, ಹರಿಯುತ್ತದೆ. ಹಾಗೇ ಇದು. ರಾಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ತಳ್ಳುವ ಹುಡುಗರಿದ್ದಾರೆ. ಚುಚ್ಚಿದ ಜಾಗದಿಂದ ಫೋಮಿನೊಳಗಿನ ಗಾಳಿ ಹೊರಬಂದು ಸಿಲಿಕಾನಿನಲ್ಲಿ ಗುಳ್ಳೆ ಏಳುತ್ತದೆ. ಮೊಂಡಾದ ಮರದ ಚಕ್ಕೆ ಸಾಕು.

ಹಿಗ್ಗುವುದು ಅಂತ ಸುಮ್ನೆ ಹೇಳುತ್ತಿಲ್ಲ. ಮೂರು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ, ಬೆಳಗಿನ ಜಾವಕ್ಕೂ ಪಶ್ಚಿಮದ ಬಿಸಿಲಿಗೂ 40 ಡಿಗ್ರಿ ವ್ಯತ್ಯಾಸವಾದರೆ ಸುಮಾರು 2.8 ಮಿ.ಮೀ. ಬೆಳೆಯುತ್ತದೆ. ಅಷ್ಟೇ ಉದ್ದದ ಗಾಜು 1 ಮಿ.ಮೀ.ಗೆ ಸ್ವಲ್ಪ ಮೇಲೆ. ಈ ಎಳೆದಾಟವನ್ನು ದಿನವೂ ತಾಳುವುದು ಸಿಲಿಕಾನ್. 25 ಪರ್ಸೆಂಟ್ ಹಿಗ್ಗುವ ಸಿಲಿಕಾನನ್ನು 12 ಮಿ.ಮೀ. ಜಾಯಿಂಟಿಗೆ ಹಾಕಿದರೆ 3 ಮಿ.ಮೀ. ತಾಳುತ್ತದೆ. ಸೈಟಿನಲ್ಲಿ ಅಳತೆ ತಪ್ಪಿ ಜಾಯಿಂಟು 5 ಮಿ.ಮೀ. ಉಳಿಯಿತು ಅನ್ನಿ, ಒಂದೂಕಾಲು ಮಿ.ಮೀ. ಅಷ್ಟೇ ತಾಳುವುದು. ಆಗ ದೇವರೇ ಬಂದು ಗನ್ ಹಿಡಿದರೂ ಅದು ಹರಿಯುತ್ತದೆ. ಬೈಗುಳ ಮಾತ್ರ ನಮಗೆ.

ಹೊತ್ತು ಕೂಡ ನೋಡಬೇಕು. ಡಿಸೆಂಬರಿನಲ್ಲಿ ಒಂಬತ್ತು ಗಂಟೆಯವರೆಗೂ ಗಾಜಿನ ಮೇಲೆ ಇಬ್ಬನಿ ಇರುತ್ತದೆ. ಒದ್ದೆಗೆ ಸಿಲಿಕಾನ್ ಅಂಟುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಕಪ್ಪು ಬಣ್ಣದ ಪಟ್ಟಿ ಮುಟ್ಟಿದರೆ ಕೈ ಸುಡುತ್ತದೆ, 50 ಡಿಗ್ರಿ ದಾಟಿದ ಮೇಲೆ ಹಾಕಬಾರದು. ಅದಕ್ಕೆ ಪಶ್ಚಿಮದ ಗೋಡೆ ಬೆಳಿಗ್ಗೆ, ಪೂರ್ವದ ಗೋಡೆ ಮಧ್ಯಾಹ್ನದ ಮೇಲೆ. ನಾವು ನೆರಳಿನ ಹಿಂದೆ ಓಡಾಡುವವರು. ಎಂಟು ಗಂಟೆಗೆ ನಾವು ಕೈಕಟ್ಟಿ ಕೂತಿದ್ದರೆ ಸೋಮಾರಿಗಳು ಅಂದುಕೊಳ್ಳಬೇಡಿ.

ಇನ್ನೊಂದು ಕೆಟ್ಟ ಅಭ್ಯಾಸ ಸೋಪಿನ ನೀರು. ಬಚ್ಚಲಮನೆಯಲ್ಲಿ ಬೆರಳು ಅದ್ದಿಕೊಂಡು ಸಿಲಿಕಾನ್ ನುಣುಪು ಮಾಡುವುದನ್ನು ನೀವೂ ನೋಡಿರುತ್ತೀರಿ. ಗಾಜಿನ ಗೋಡೆಗೆ ಹಾಗೆ ಮಾಡಿದರೆ ಸೋಪು ಅಂಚಿನೊಳಗೆ ಸೇರಿ ಅಂಟುವುದನ್ನೇ ಕೆಡಿಸುತ್ತದೆ. ಒಣ ಪಟ್ಟಿಯಿಂದ ಒಂದೇ ಸಲ ಒತ್ತಿ ಎಳೆಯಬೇಕು. ಆ ಒತ್ತುವುದು ಅಂದಕ್ಕಲ್ಲ, ಸಿಲಿಕಾನ್ ಎರಡೂ ಬದಿಗೆ ಕಚ್ಚಿಕೊಳ್ಳಲಿ ಅಂತ. ಹಾಗೇ ಹುಳಿ ವಾಸನೆಯ ಸಿಲಿಕಾನ್, ವಿನಿಗರ್ ತರಹ ಮೂಗಿಗೆ ಬಡಿಯುತ್ತದಲ್ಲ, ಅದು ಅಗ್ಗ. ಅದು ಒಣಗುವಾಗ ಬಿಡುವ ಆಸಿಡ್ ಲೋಹವನ್ನು ತಿನ್ನುತ್ತದೆ, ಲ್ಯಾಮಿನೇಟೆಡ್ ಗಾಜಿನ (ಮಧ್ಯೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ ಎರಡು ಗಾಜು) ಅಂಚನ್ನು ಬೆಳ್ಳಗೆ ಮಾಡುತ್ತದೆ. ನಿಮ್ಮ ಕಟ್ಟಡದಲ್ಲಿ ಕೆಲಸ ನಡೆಯುವಾಗ ಹತ್ತಿರ ಹೋಗಿ ಮೂಸಿ ನೋಡಿ. ಹುಳಿ ಬಂದರೆ ಕೆಲಸ ನಿಲ್ಲಿಸಿ. ಇಂಜಿನಿಯರನ್ನು ಕೇಳಬೇಕಿಲ್ಲ.

ಲೆಕ್ಕದ ಕಳ್ಳತನವನ್ನೂ ಹೇಳಿಬಿಡುತ್ತೇನೆ. ನಮ್ಮವರು ಬೈಯಬಹುದು. 12 ಮಿ.ಮೀ. ಅಗಲ, 6 ಮಿ.ಮೀ. ಆಳದ ಜಾಯಿಂಟಿಗೆ ಒಂದು ಮೀಟರಿಗೆ 72 ಮಿ.ಲೀ. ಸಿಲಿಕಾನ್ ಬೇಕು. ಅಂದರೆ 600 ಮಿ.ಲೀ. ಪ್ಯಾಕಿಗೆ ಎಂಟು ಮೀಟರ್ ಚಿಲ್ಲರೆ. ಸಾವಿರ ಮೀಟರ್ ಕೆಲಸಕ್ಕೆ 120 ಪ್ಯಾಕು, ಪೋಲಾಗುವುದೂ ಸೇರಿ 130 ಅನ್ನಿ. ಆಳ 4 ಮಿ.ಮೀ.ಗೆ ಇಳಿಸಿದರೆ ಅದೇ ಪ್ಯಾಕು ಹನ್ನೆರಡು ಮೀಟರ್ ಬರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತದೆ. ತೆಳ್ಳಗೆ ಎಳೆದದ್ದು ಎರಡೇ ವರ್ಷಕ್ಕೆ ಮಧ್ಯದಲ್ಲಿ ಸೀಳುತ್ತದೆ. ಖಾಲಿ ಪ್ಯಾಕುಗಳನ್ನು ಬಿಸಾಡಲು ಬಿಡಬೇಡಿ. ಎಣಿಸಿ, ಮೇಲಿರುವ ಎಕ್ಸ್‌ಪೈರಿ ತಾರೀಕನ್ನೂ ನೋಡಿ, ಆಮೇಲೆ ಬಿಲ್ ಪಾಸ್ ಮಾಡಿ.

ಇಲ್ಲಿಯವರೆಗೆ ಹೇಳಿದ್ದು ನೀರು ತಡೆಯುವ ಸಿಲಿಕಾನ್. ಗಾಜನ್ನೇ ಹಿಡಿದಿಡುವ ಸಿಲಿಕಾನ್ ಬೇರೆ. ಹೊರಗೆ ಒಂದು ಸ್ಕ್ರೂ, ಒಂದು ಪಟ್ಟಿ ಕಾಣದೆ ಬರೀ ಗಾಜೇ ಕಾಣುವ ಕಟ್ಟಡಗಳಿವೆಯಲ್ಲ, ಅಲ್ಲಿ ಗಾಜು ನಿಂತಿರುವುದು ಹಿಂದೆ ಇರುವ ಬೆರಳಗಲದ ಸಿಲಿಕಾನ್ ಗೆರೆಯ ಮೇಲೆ. ನಾಲ್ಕೂ ಬದಿಗೆ ಹೀಗೆ ಅಂಟಿಸಿದ ಮೊದಲ ಕಟ್ಟಡ ಅಮೆರಿಕದ ಡೆಟ್ರಾಯಿಟ್‌ನಲ್ಲಿ 1971ರಲ್ಲಿ ಬಂದದ್ದು ಅಂತ ಸಿಲಿಕಾನ್ ಕಂಪನಿಯವರ ತರಬೇತಿಯಲ್ಲಿ ಹೇಳಿದ್ದರು. ಆ ತರಬೇತಿಯಲ್ಲೇ ಬಾಸ್ಟನ್ನಿನ ಜಾನ್ ಹ್ಯಾಂಕಾಕ್ ಟವರ್ ಕಥೆಯೂ ಕೇಳಿದೆ. 1973ರಲ್ಲಿ ಅದರ ಗಾಜುಗಳು ಕಳಚಿ ಬೀಳತೊಡಗಿ, ಜಾಗಕ್ಕೆ ಪ್ಲೈವುಡ್ ಹೊಡೆದು, ಕೊನೆಗೆ 10,344 ಗಾಜುಗಳನ್ನೂ ಬದಲಿಸಿದರಂತೆ. ಅಲ್ಲಿ ತಪ್ಪಿದ್ದು ಸಿಲಿಕಾನ್ ಅಲ್ಲ. ಜೋಡಿ ಗಾಜಿನ ಅಂಚನ್ನು ಸೀಸದ ಬೆಸುಗೆಯಿಂದ ಸೇರಿಸಿದ್ದರು. ಆ ಬೆಸುಗೆ ಬಲವಾಗಿತ್ತು, ಆದರೆ ಬಾಗಲಿಲ್ಲ. ಗಾಳಿಗೆ ಗಾಜು ಅಲ್ಲಾಡಿದಾಗ ಗಾಜೇ ಬಿರುಕು ಬಿಟ್ಟಿತು.

ಈ ಸಿಲಿಕಾನಿಗೆ ಲೆಕ್ಕ ಹಾಕುವಾಗ ಒಂದು ಚದರ ಸೆಂಟಿಮೀಟರಿಗೆ ಸುಮಾರು 1.4 ಕೆ.ಜಿ. ಎಳೆತ ಮಾತ್ರ ಹಿಡಿಯುತ್ತಾರೆ. ಅದು ತಾಳುವುದು ಅದಕ್ಕಿಂತ ಜಾಸ್ತಿಯೇ, ಆದರೂ ಅಷ್ಟು ಜೋಪಾನ. ಗೆರೆಯ ಅಗಲ ಎಷ್ಟಿರಬೇಕು ಅನ್ನುವುದು ಗಾಜಿನ ಅಳತೆ ಮತ್ತು ಆ ಊರಿನ ಗಾಳಿಯ ಮೇಲೆ ಹೋಗುತ್ತದೆ. ನಮ್ಮ ದೇಶದ ಗಾಳಿ ಲೆಕ್ಕದ ಪುಸ್ತಕದಲ್ಲಿ ಗಾಳಿಯ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಆರೇ ಮೀಟರ್ ಅಲ್ವಾ ಅನ್ನಿಸಬಹುದು. ಆದರೆ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ (ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು), ಅದೇ ಗಾಜಿಗೆ ಮಂಗಳೂರಿನಲ್ಲಿ 40 ಪರ್ಸೆಂಟ್ ಜಾಸ್ತಿ ತಳ್ಳು. ಬೆಂಗಳೂರಿನ ಡ್ರಾಯಿಂಗನ್ನೇ ಮೇಲಿನ ಹೆಸರು ಬದಲಿಸಿ ಕರಾವಳಿಯ ಸೈಟಿಗೆ ತಂದದ್ದನ್ನು ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಗನ್ ಕೆಳಗಿಟ್ಟು ಬಂದೆ. ಆಮೇಲೆ ಯಾರು ಮಾಡಿದರೋ ಗೊತ್ತಿಲ್ಲ, ಆ ಕಡೆ ಹೋದಾಗ ಫುಟ್‌ಪಾತ್ ಬದಲಿಸಿ ನಡೆಯುತ್ತೇನೆ.

ಗಾಜು ಹಿಡಿಯುವ ಸಿಲಿಕಾನನ್ನು ಫ್ಯಾಕ್ಟರಿಯೊಳಗೆ, ಧೂಳಿಲ್ಲದ ಜಾಗದಲ್ಲಿ ಹಾಕುವುದು ಕ್ರಮ. ಬಿಳಿ, ಕಪ್ಪು ಎರಡು ಭಾಗ ಮಿಷನ್ನಿನಲ್ಲಿ ಬೆರೆಯುತ್ತವೆ. ಬೆಳಿಗ್ಗೆ ಮೊದಲ ಕೆಲಸ, ಕಾಗದದ ಮೇಲೆ ಸ್ವಲ್ಪ ಹಾಕಿ ಮಡಚಿ ಒತ್ತಿ ಬಿಚ್ಚುವುದು. ಚಿಟ್ಟೆಯ ರೆಕ್ಕೆಯ ಹಾಗೆ ಕಾಣುತ್ತದೆ, ಅದಕ್ಕೇ ಬಟರ್‌ಫ್ಲೈ ಟೆಸ್ಟ್ ಅನ್ನುತ್ತಾರೆ. ಅದರಲ್ಲಿ ಒಂದು ಬಿಳಿ ಗೆರೆ ಕಂಡರೂ ಮಿಷನ್ ನಿಲ್ಲಿಸಬೇಕು. ತೊಂದರೆ ಬರುವುದು ಯಾವಾಗ? ಕಟ್ಟಡ ಮುಗಿದು ನಾಲ್ಕು ವರ್ಷಕ್ಕೆ ಒಂದು ಗಾಜು ಒಡೆದಾಗ. ಆಗ ಹೊಸ ಗಾಜನ್ನು ಸೈಟಿನಲ್ಲೇ ಕೂರಿಸುತ್ತೇವೆ. ಅಲ್ಲಿ ಹಾಕುವುದು ಬೆರೆಸಬೇಕಿಲ್ಲದ ಒಂದೇ ಭಾಗದ ಸಿಲಿಕಾನ್, ಅದು ಗಾಳಿಯ ತೇವ ಕುಡಿದು ಹೊರಗಿನಿಂದ ಒಳಕ್ಕೆ ದಿನಕ್ಕೆ ಎರಡು ಮೂರು ಮಿ.ಮೀ. ಗಟ್ಟಿಯಾಗುತ್ತಾ ಹೋಗುತ್ತದೆ. ಪೂರ್ತಿ ಆಗಲು ಎರಡು ಮೂರು ವಾರ. ಅಲ್ಲಿಯವರೆಗೆ ಗಾಜನ್ನು ಕ್ಲಿಪ್ ಹಾಕಿ ಹಿಡಿದಿರಬೇಕು. ಮೂರನೇ ದಿನವೇ ಫೋನ್ ಬರುತ್ತದೆ: "ಮೇಸ್ತ್ರಿ, ಎಂಡಿ ಬರ್ತಿದಾರೆ, ಆ ಕ್ಲಿಪ್ ಅಸಹ್ಯ ಕಾಣ್ತಿದೆ, ತೆಗೆದುಬಿಡಿ." ನಾನು ತೆಗೆಯುವುದಿಲ್ಲ. ಎಂಡಿ ಕಾರು ಆ ಗಾಜಿನ ಕೆಳಗೇ ನಿಲ್ಲುವುದು ಅಂತ ಹೇಳಿದ ಮೇಲೆ ಸುಮ್ಮನಾಗುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ ಕೆಲಸ ಯಾಕೆ ಕೆಡುತ್ತದೆ? ರನ್ನಿಂಗ್ ಮೀಟರ್ ರೇಟಿನಿಂದ. ಟೆಂಡರಿನಲ್ಲಿ ಒಂದೇ ಸಾಲು ಇರುತ್ತದೆ, "ಸಿಲಿಕಾನ್ ಸೀಲೆಂಟ್ ಹಾಕುವುದು, ಮೀಟರಿಗೆ ಇಷ್ಟು". ಹಳೆಯದನ್ನು ಕೀಳುವುದಕ್ಕೆ ಸಾಲಿಲ್ಲ, ಒರೆಸುವುದಕ್ಕೆ ಇಲ್ಲ, ರಾಡಿಗೆ ಇಲ್ಲ, ಇಬ್ಬನಿ ಆರುವವರೆಗೆ ಕಾಯುವುದಕ್ಕಂತೂ ಇಲ್ಲವೇ ಇಲ್ಲ. ಯಾರು ಕಡಿಮೆ ಬರೆದರೋ ಅವರಿಗೆ ಕೆಲಸ. ಕಡಿಮೆ ಬರೆದವನು ಹುಡುಗರಿಗೂ ಮೀಟರ್ ಲೆಕ್ಕದಲ್ಲೇ ಕೊಡುತ್ತಾನೆ. ಮೀಟರಿಗೆ ದುಡಿಯುವ ಹುಡುಗ ಯಾಕೆ ಎರಡು ಸಲ ಒರೆಸುತ್ತಾನೆ? ಅವನನ್ನು ಬೈದು ಏನು ಪ್ರಯೋಜನ? ಹಗ್ಗದಲ್ಲಿ ನೇತಾಡುವವನಿಗೆ ಬೇಗ ಮುಗಿಸಿ ಕೆಳಗಿಳಿಯುವುದೇ ಗುರಿ. ನನ್ನ ರೇಟು ಎಲ್ಲರಿಗಿಂತ ಕೆಳಗಿನದರ ಎರಡರಷ್ಟು ಇರುತ್ತದೆ. ಹತ್ತು ಕಡೆ ಕೊಟ್ಟರೆ ಎರಡು ಕಡೆ ಸಿಗುತ್ತದೆ. ಉಳಿದ ಎಂಟರಲ್ಲಿ ಕೆಲವರು ಮೂರು ವರ್ಷ ಬಿಟ್ಟು ಫೋನ್ ಮಾಡುತ್ತಾರೆ, ಅಷ್ಟು ಹೊತ್ತಿಗೆ ಕೀಳುವ ಪದರ ಒಂದು ಜಾಸ್ತಿಯಾಗಿರುತ್ತದೆ.

ಸೊಸೈಟಿಯವರು, ಆಫೀಸಿನವರು, ಸರ್ಕಾರದ ಕಟ್ಟಡ ನೋಡಿಕೊಳ್ಳುವವರು ದಯವಿಟ್ಟು ಆ ಒಂದು ಸಾಲನ್ನು ನಾಲ್ಕು ಸಾಲು ಮಾಡಿ. ಕೀಳುವುದು ಬೇರೆ, ಒರೆಸುವುದು ಬೇರೆ, ರಾಡ್ ಬೇರೆ, ಸಿಲಿಕಾನ್ ಬೇರೆ, ಒಂದೊಂದಕ್ಕೂ ರೇಟು. ಜೊತೆಗೆ ಎಳೆದು ನೋಡುವ ಪರೀಕ್ಷೆಯನ್ನು ಬರೆಸಿ. ಅದಕ್ಕೆ ಲ್ಯಾಬು ಬೇಡ, ಒಂದು ಬ್ಲೇಡು ಸಾಕು. ಕೆಲಸ ಮುಗಿದು ಮೂರು ವಾರ ಬಿಟ್ಟು ಜಾಯಿಂಟಿಗೆ ಅಡ್ಡ ಒಂದು ಗೀರು, ಅಲ್ಲಿಂದ ಎರಡೂ ಅಂಚಿನ ಉದ್ದಕ್ಕೆ ಎರಡೆರಡು ಇಂಚು ಗೀರು. ಬಿಟ್ಟುಕೊಂಡ ತುದಿಯನ್ನು ಹಿಡಿದು ನೇರವಾಗಿ ನಿಮ್ಮ ಕಡೆಗೆ ಎಳೆಯಿರಿ. ಸಿಲಿಕಾನ್ ತನ್ನಲ್ಲೇ ಹರಿದು, ಅಂಚಿನಲ್ಲಿ ತುಣುಕು ಉಳಿದರೆ ಕೆಲಸ ಸರಿ. ಗಾಜಿನಿಂದ ನುಣ್ಣಗೆ ಸಿಪ್ಪೆಯ ಹಾಗೆ ಎದ್ದು ಬಂದರೆ ದುಡ್ಡು ಕೊಡಬೇಡಿ. ಮೊದಲ 300 ಮೀಟರಿನಲ್ಲಿ ಮೂವತ್ತು ಮೀಟರಿಗೊಂದು ಕಡೆ, ಎಲ್ಲ ಸರಿಯಿದ್ದರೆ ಆಮೇಲೆ 300ಕ್ಕೊಂದು ಅಥವಾ ಮಹಡಿಗೊಂದು. ಜಾಗವನ್ನು ನೀವು ಆರಿಸಿ, ಮೇಸ್ತ್ರಿ ತೋರಿಸಿದ ಕಡೆ ಕತ್ತರಿಸಬೇಡಿ. ನಾನೇ ಆದರೂ ಅಷ್ಟೇ.

ಕತ್ತರಿಸಿದ ಜಾಗ ಹಾಳಾಗುತ್ತದಲ್ಲ ಅಂತ ಕೇಳುತ್ತಾರೆ. ಅದನ್ನು ಒರೆಸಿ ಮತ್ತೆ ತುಂಬಲು ಹತ್ತು ನಿಮಿಷ ಸಾಕು. ಅದಕ್ಕೆ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ಒಬ್ಬ ಸಿಲಿಕಾನ್ ಮೇಸ್ತ್ರಿ
ದಾಸರಹಳ್ಳಿ, ಬೆಂಗಳೂರು
(ಮೇಲೆ ಹೇಳಿದವರಲ್ಲಿ ಕೆಲವರು ಇನ್ನೂ ನನಗೆ ಬಿಲ್ ಬಾಕಿ ಕೊಡಬೇಕು. ದಯವಿಟ್ಟು ಹೆಸರು ಹಾಕಬೇಡಿ.)